ಸ್ಕಿಜೋಫ್ರೇನಿಯಾ ಕಾಯಿಲೆಯಲ್ಲಿ ಅರಿವಿನ ತೊಂದರೆಗಳು: ಅರ್ಜಿದಾರರು ಹಾಗೂ ಕುಟುಂಬದವರ ಗಮನಕ್ಕೆ

ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಯ ಹೆಸರು ಕೇಳಿದೊಡನೆ ಸಾರ್ವಜನಿಕರಿಗೆ ನೆನಪಾಗುವುದು ಕೆಲವೇ ಲಕ್ಷಣಗಳು. ಯಾರೂ ಇಲ್ಲದಿರುವಾಗ ಕಿವಿಯಲ್ಲಿ ದನಿ ಕೇಳಿಸುವುದು, ತನಗೆ ಯಾರೋ ಮಾಟ ಮಾಡಿಸಿದ್ದಾರೆ ಅಥವಾ ಊಟದಲ್ಲಿ ವಿಷ ಬೆರೆಸಿದ್ದಾರೆ ಎಂಬ ಸಂಶಯ, ತನ್ನಷ್ಟಕ್ಕೆ ಮಾತನಾಡಿಕೊಳ್ಳುವುದು, ಒಮ್ಮೊಮ್ಮೆ ಕೋಪಗೊಂಡು ಗಲಾಟೆ ಮಾಡುವುದು ಇತ್ಯಾದಿ. ಚಿಕಿತ್ಸೆ ಪಡೆದ ಬಹಳಷ್ಟು ಮಂದಿಯಲ್ಲಿ ಈ ಲಕ್ಷಣಗಳು ಹತೋಟಿಗೆ ಬರುತ್ತವೆ. ಹೀಗಿದ್ದರೂ ಅವರಲ್ಲಿ ಅನೇಕರು ಮೊದಲಿನಂತೆ ಓದಲು, ಕೆಲಸಕ್ಕೆ ಹೋಗಲು, ಮನೆಯ ವ್ಯವಹಾರ ನೋಡಿಕೊಳ್ಳಲು ಅಶಕ್ತರಾಗಿಯೇ ಉಳಿಯುತ್ತಾರೆ. ಇದಕ್ಕೆ ಪ್ರಮುಖ ಕಾರಣಗಳಲ್ಲೊಂದು ಗಮನ, ನೆನಪು, ಯೋಜನೆ ಮತ್ತು ಗ್ರಹಿಕೆಯ ಶಕ್ತಿಗಳಲ್ಲಿ ಉಂಟಾಗುವ ಕೊರತೆ. ಇದನ್ನೇ ಇಲ್ಲಿ ಅರಿವಿನ ತೊಂದರೆ ಎಂದು ಕರೆಯಲಾಗಿದೆ.

ಅಂಗವಿಕಲತೆಯ ಪ್ರಮಾಣಪತ್ರಕ್ಕಾಗಿ ಬರುವ ಕುಟುಂಬದವರು ವೈದ್ಯರ ಮುಂದೆ ಸಾಮಾನ್ಯವಾಗಿ "ಈಗ ಗಲಾಟೆ ಇಲ್ಲ, ಸುಮ್ಮನಿರುತ್ತಾನೆ, ಆದರೆ ಏನೂ ಕೆಲಸ ಮಾಡುವುದಿಲ್ಲ" ಎಂದಷ್ಟೇ ಹೇಳಿ ಮುಗಿಸುತ್ತಾರೆ. ಈ ಎರಡು ಮಾತುಗಳಿಂದ ರೋಗಿಯು ಗುಣಮುಖನಾಗಿದ್ದಾನೆ, ಆದರೆ ಸೋಮಾರಿಯಾಗಿದ್ದಾನೆ ಎಂಬ ಅರ್ಥ ಬರುತ್ತದೆಯೇ ಹೊರತು, ಆತನಿಗೆ ನಿಜವಾಗಿ ಇರುವ ಕಷ್ಟವೇನೆಂಬುದು ಕಡತದಲ್ಲಿ ದಾಖಲಾಗುವುದಿಲ್ಲ. ಅರ್ಜಿದಾರರು ಈ ವಿಷಯವನ್ನು ಮುಂಚಿತವಾಗಿ ತಿಳಿದುಕೊಂಡು ಬರಲಿ ಎಂಬ ಉದ್ದೇಶದಿಂದ ಈ ಮಾಹಿತಿಯನ್ನು ನೀಡಲಾಗಿದೆ.

ಕಾಯಿಲೆಯ ಬಗ್ಗೆ ಸಂಕ್ಷಿಪ್ತವಾಗಿ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇರುತ್ತದೆ. ಹೆಚ್ಚಾಗಿ ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ವಯಸ್ಸಿನಲ್ಲಿ, ಅಂದರೆ ಓದು ಮುಗಿಸಿ ಉದ್ಯೋಗ ಹಿಡಿಯುವ ಕಾಲದಲ್ಲಿಯೇ ಇದು ಕಾಣಿಸಿಕೊಳ್ಳುತ್ತದೆ. ಪುರುಷರಲ್ಲಿ ಸ್ತ್ರೀಯರಿಗಿಂತ ಸ್ವಲ್ಪ ಮುಂಚಿತವಾಗಿ ಆರಂಭವಾಗುವುದುಂಟು. ಕನ್ನಡದಲ್ಲಿ ಇದನ್ನು ಛಿದ್ರಮನಸ್ಕತೆ ಎಂದೂ ಕರೆಯುವುದರಿಂದ ಒಬ್ಬರಲ್ಲೇ ಇಬ್ಬರು ವ್ಯಕ್ತಿಗಳು ಇರುತ್ತಾರೆಂದು ಕೆಲವರು ತಿಳಿಯುತ್ತಾರೆ. ಇದು ತಪ್ಪು ಕಲ್ಪನೆ.

ಅರಿವಿನ ತೊಂದರೆಯು ವೈದ್ಯಶಾಸ್ತ್ರಕ್ಕೆ ಹೊಸ ವಿಷಯವೇನಲ್ಲ. 1890ರ ದಶಕದಲ್ಲಿ ಜರ್ಮನಿಯ ಮನೋವೈದ್ಯ ಎಮಿಲ್ ಕ್ರೆಪೆಲಿನ್ ಅವರು ಈ ಕಾಯಿಲೆಯನ್ನು ವಿವರಿಸಿದಾಗ ಅದಕ್ಕೆ ಬಳಸಿದ ಲ್ಯಾಟಿನ್ ಹೆಸರಿನ ಅರ್ಥವೇ ಎಳೆಯ ವಯಸ್ಸಿನಲ್ಲಿ ಬುದ್ಧಿ ಕುಂದುವ ಕಾಯಿಲೆ ಎಂದು. ಎಲ್ಲರಲ್ಲಿಯೂ ಬುದ್ಧಿ ಹಾಗೆ ಕುಂದುತ್ತಾ ಹೋಗುವುದಿಲ್ಲವೆಂಬುದನ್ನು ಗಮನಿಸಿ ಸ್ವಿಟ್ಜರ್ಲೆಂಡಿನ ಯೂಗೆನ್ ಬ್ಲಾಯ್ಲರ್ ಅವರು 1908ರಲ್ಲಿ ಸ್ಕಿಜೋಫ್ರೇನಿಯಾ ಎಂಬ ಪದವನ್ನು ಬಳಕೆಗೆ ತಂದರು. 1950ರ ದಶಕದಲ್ಲಿ ಔಷಧಿಗಳು ದೊರೆತ ಮೇಲೆ ದನಿ ಮತ್ತು ಸಂಶಯಗಳು ಕಡಿಮೆಯಾಗತೊಡಗಿದವು, ಎಲ್ಲರ ಗಮನವೂ ಅತ್ತಲೇ ಹರಿಯಿತು. ಔಷಧಿಗೆ ಅಷ್ಟಾಗಿ ಬಗ್ಗದ ಅರಿವಿನ ತೊಂದರೆಯು ಹಿಂದೆ ಸರಿಯಿತು. ಹಲವು ಮನೆಗಳಲ್ಲಿ ಇಂದಿಗೂ ಅದು ಹಿಂದೆಯೇ ಉಳಿದಿದೆ.

ಮನೆಯಲ್ಲಿ ಇದು ಹೇಗೆ ಕಾಣುತ್ತದೆ

ತಾಯಿಯು ಮಗನಿಗೆ ಹಣ ಕೊಟ್ಟು, ತೊಗರಿಬೇಳೆ, ಬೆಲ್ಲ, ಬೆಂಕಿಪೊಟ್ಟಣ ತರಲು ಹೇಳುತ್ತಾರೆ. ಮಗನು ಹೂಂ ಎಂದು ಹೋಗಿ, ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು, ಬೆಲ್ಲವೊಂದನ್ನೇ ತೆಗೆದುಕೊಂಡು ಬರುತ್ತಾನೆ. ಉಳಿದೆರಡು ಎಲ್ಲಿ ಎಂದು ಕೇಳಿದರೆ ಉತ್ತರವಿಲ್ಲ. ಇಲ್ಲಿ ಆತ ತಾಯಿಯ ಮಾತಿಗೆ ಬೆಲೆ ಕೊಡಲಿಲ್ಲವೆಂದು ತಿಳಿಯುವುದು ಸುಲಭ. ವಾಸ್ತವದಲ್ಲಿ ಕೇಳಿದ ಮೂರು ಹೆಸರುಗಳನ್ನು ಬಳಸುವವರೆಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ ಆತನಲ್ಲಿ ಕುಗ್ಗಿದೆ. ನಾವು ಫೋನ್ ಸಂಖ್ಯೆಯೊಂದನ್ನು ಕೇಳಿ, ಬರೆದುಕೊಳ್ಳುವವರೆಗೆ ನೆನಪಿಟ್ಟುಕೊಳ್ಳುವುದು ಇದೇ ಶಕ್ತಿಯಿಂದ.

ಇದೇ ರೀತಿ, ಇಬ್ಬರು ಮಾತನಾಡುತ್ತಿರುವಾಗ ಹಿನ್ನೆಲೆಯಲ್ಲಿ ಟಿ.ವಿ. ಸದ್ದು ಮಾಡುತ್ತಿದ್ದರೆ ಯಾವುದನ್ನು ಕೇಳಬೇಕು, ಯಾವುದನ್ನು ಬಿಡಬೇಕು ಎಂಬುದು ರೋಗಿಗೆ ತೋಚದಿರಬಹುದು. ಕೇಳಿದ ಪ್ರಶ್ನೆಗೆ ಉತ್ತರ ತಡವಾಗಿ ಬರಬಹುದು. ಕೇಳಿದವರು ಅಷ್ಟರಲ್ಲಿ ತಾಳ್ಮೆ ಕಳೆದುಕೊಂಡು ಎರಡನೆಯ ಪ್ರಶ್ನೆ ಕೇಳಿರುತ್ತಾರೆ, ಆಗ ಎರಡಕ್ಕೂ ಉತ್ತರ ಬರುವುದಿಲ್ಲ. ನಿನ್ನೆ ವಿವರಿಸಿದ ವಿಷಯವು ಇಂದು ನೆನಪಿನಲ್ಲಿರುವುದಿಲ್ಲ. ಒಂದು ದೊಡ್ಡ ಕೆಲಸವನ್ನು ಹಂತಗಳಾಗಿ ವಿಂಗಡಿಸಿಕೊಂಡು ಮಾಡುವುದಂತೂ ಇನ್ನೂ ಕಠಿಣ. ಒಂದು ಕಡೆ ಅನ್ನಕ್ಕಿಟ್ಟು, ಅದು ಬೇಯುವಷ್ಟರಲ್ಲಿ ಸಾರಿಗೆ ಹುಳಿ ನೆನೆಸಿ, ಒಗ್ಗರಣೆಗೆ ಅಣಿ ಮಾಡಿಕೊಳ್ಳುವ ಅಡುಗೆಯನ್ನು ಇಪ್ಪತ್ತು ವರ್ಷ ಮಾಡಿಕೊಂಡು ಬಂದ ಗೃಹಿಣಿಯು, ಕಾಯಿಲೆಯ ನಂತರ ಒಲೆಯ ಮುಂದೆ ಯಾವುದನ್ನು ಮೊದಲು ಮಾಡಬೇಕೆಂದು ತಿಳಿಯದೆ ನಿಂತುಬಿಡುವುದುಂಟು. ಇಂತಹ ಸಂದರ್ಭದಲ್ಲಿ ಆಕೆಗೆ ಅಡುಗೆ ಮರೆತಿಲ್ಲ, ಅದರ ಕ್ರಮವನ್ನು ಹೊಂದಿಸಿಕೊಳ್ಳಲು ಆಗುತ್ತಿಲ್ಲ ಎಂಬುದನ್ನು ಮನೆಯವರು ಅರಿಯಬೇಕು.

ಇನ್ನೊಂದು ತೊಂದರೆಯಿದೆ, ಅದು ಹೊರಗಿನವರಿಗೆ ಬೇಗ ತಿಳಿಯುವುದಿಲ್ಲ. ಎದುರಿಗಿರುವವರ ಮುಖಭಾವ ಮತ್ತು ಧ್ವನಿಯ ಏರಿಳಿತಗಳಿಂದ ಅವರ ಮನಸ್ಸನ್ನು ಊಹಿಸುವ ಶಕ್ತಿಯು ಕೂಡ ಕಡಿಮೆಯಾಗಿರುತ್ತದೆ. ತಮಾಷೆಗೆ ಆಡಿದ ಮಾತು ಅವಮಾನವಾಗಿ ಕೇಳಿಸಬಹುದು. ಮಾತು ಮುಗಿಸಬೇಕೆಂಬ ಸೂಚನೆ ತಿಳಿಯದಿರಬಹುದು. ಕೆಲಸದ ಸ್ಥಳದಲ್ಲಿ ಜಗಳವಾಗುವುದಕ್ಕೆ, ಅನಂತರ ಕೆಲಸ ಬಿಡುವುದಕ್ಕೆ ಇಂತಹ ಸಣ್ಣ ತಪ್ಪುಗ್ರಹಿಕೆಗಳೂ ಕಾರಣವಾಗುತ್ತವೆ.

ಈ ತೊಂದರೆಗಳು ಎಲ್ಲ ರೋಗಿಗಳಲ್ಲಿಯೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಕೆಲವರಲ್ಲಿ ಇಲ್ಲವೆನ್ನುವಷ್ಟು ಅಲ್ಪವಾಗಿದ್ದು, ಅವರು ಉನ್ನತ ವ್ಯಾಸಂಗ ಹಾಗೂ ಉದ್ಯೋಗವನ್ನು ಮುಂದುವರಿಸುತ್ತಾರೆ. ಆದರೆ ಬಹುಪಾಲು ರೋಗಿಗಳಲ್ಲಿ ಒಂದಲ್ಲ ಒಂದು ಬಗೆಯ ತೊಂದರೆ ಕಂಡುಬರುತ್ತದೆ. ಅನೇಕರಲ್ಲಿ ಇದು ದನಿ ಕೇಳಿಸುವ ಮೊದಲೇ, ಶಾಲಾ ಕಾಲೇಜು ದಿನಗಳಲ್ಲಿಯೇ ಆರಂಭವಾಗಿರುತ್ತದೆ. ಚೆನ್ನಾಗಿ ಓದುತ್ತಿದ್ದ ವಿದ್ಯಾರ್ಥಿಯ ಅಂಕಗಳು ಕಾರಣವಿಲ್ಲದೆ ಇಳಿದದ್ದನ್ನು ತಂದೆತಾಯಿಯರು ಅನಂತರ ನೆನಪಿಸಿಕೊಳ್ಳುತ್ತಾರೆ.

ಸೋಮಾರಿತನವೆಂಬ ಆರೋಪ

ರೋಗಿಯ ಕುಟುಂಬದಲ್ಲಿ ಅತಿ ಹೆಚ್ಚು ನೋವಿಗೆ ಕಾರಣವಾಗುವುದು ಬಹುಶಃ ಈ ಆರೋಪವೇ. ಕೂಗಾಟ ಇದ್ದಾಗ ಅದು ಕಾಯಿಲೆಯೆಂದು ಎಲ್ಲರೂ ಒಪ್ಪುತ್ತಾರೆ. ಶಾಂತನಾಗಿ ಕುಳಿತು, ಹೊತ್ತಿಗೆ ಸರಿಯಾಗಿ ಊಟ ಮಾಡಿ, ಹೇಳಿದ ಕೆಲಸ ಮಾಡದಿದ್ದಾಗ "ತಿಂದು ಮಲಗುವುದೊಂದು ಗೊತ್ತು" ಎಂಬ ಮಾತು ಬರುತ್ತದೆ. ಕಾಯಿಲೆಯಲ್ಲಿ ಉತ್ಸಾಹ ಕುಂದುವುದೆಂಬ ಬೇರೆ ಲಕ್ಷಣವೂ ಇದ್ದು, ಅದು ಅರಿವಿನ ತೊಂದರೆಯೊಂದಿಗೆ ಬೆರೆತುಕೊಂಡಿರುತ್ತದೆ. ಎರಡೂ ಕಾಯಿಲೆಯ ಭಾಗಗಳೇ. ಗದರಿಸುವುದರಿಂದ ಎರಡೂ ಸುಧಾರಿಸುವುದಿಲ್ಲ. ಮನೆಯಲ್ಲಿ ಸತತವಾಗಿ ಟೀಕೆ ನಡೆಯುತ್ತಿದ್ದರೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚುವುದೆಂದು ಅಧ್ಯಯನಗಳಿಂದ ತಿಳಿದುಬಂದಿದೆ.

ತನಗೆ ತೊಂದರೆಯಿದೆ ಎಂಬುದೇ ರೋಗಿಗೆ ತಿಳಿಯದಿರುವುದೂ ಸಾಮಾನ್ಯ. "ನನಗೇನಾಗಿದೆ, ಚೆನ್ನಾಗಿದ್ದೇನೆ" ಎಂದು ವೈದ್ಯರೆದುರು ಹೇಳುವ ವ್ಯಕ್ತಿಯು ಸುಳ್ಳು ಹೇಳುತ್ತಿರುವುದಿಲ್ಲ. ಆದ್ದರಿಂದ ಪರೀಕ್ಷೆಯ ವೇಳೆ ಜೊತೆಯಲ್ಲಿ ವಾಸಿಸುವವರ ಹೇಳಿಕೆಯೂ ಅವಶ್ಯಕವಾಗುತ್ತದೆ.

ಬುದ್ಧಿಮಾಂದ್ಯತೆಗೂ ಇದಕ್ಕೂ ಇರುವ ವ್ಯತ್ಯಾಸ

ಅರಿವಿನ ತೊಂದರೆಯನ್ನು ಬುದ್ಧಿಮಾಂದ್ಯತೆಯೊಂದಿಗೆ ಬೆರೆಸಬಾರದು. ಬುದ್ಧಿಮಾಂದ್ಯತೆಯು ಬಾಲ್ಯದಲ್ಲಿ ಬೆಳವಣಿಗೆಯ ಹಂತದಲ್ಲಿಯೇ ಇರುವಂತಹ ಸ್ಥಿತಿ. ಸ್ಕಿಜೋಫ್ರೇನಿಯಾ ಇರುವವರು ಕಲಿತ ವಿದ್ಯೆ, ಭಾಷೆ, ಲೋಕಾನುಭವಗಳನ್ನು ಬಹುಮಟ್ಟಿಗೆ ಉಳಿಸಿಕೊಂಡಿರುತ್ತಾರೆ. ಅದೇ ರೀತಿ ಇದು ವೃದ್ಧಾಪ್ಯದ ಮರೆಗುಳಿತನದಂತೆ ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಾ ಹೋಗುವುದೂ ಅಲ್ಲ. ಸಾಮಾನ್ಯವಾಗಿ ಕಾಯಿಲೆಯ ಮೊದಲ ಹಂತದ ನಂತರ ಅನೇಕ ವರ್ಷ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಮರೆವು ಶೀಘ್ರವಾಗಿ ಹೆಚ್ಚುತ್ತಿದ್ದಲ್ಲಿ ಬೇರೆ ಕಾರಣವಿರಬಹುದಾದ್ದರಿಂದ ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು.

ಕಾನೂನಿನಲ್ಲಿಯೂ ಇವೆರಡು ಪ್ರತ್ಯೇಕ ವರ್ಗಗಳು. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರಲ್ಲಿ ನಮೂದಾಗಿರುವ 21 ಬಗೆಯ ಅಂಗವಿಕಲತೆಗಳಲ್ಲಿ ಮಾನಸಿಕ ಅಸ್ವಸ್ಥತೆಯೂ ಒಂದು. ಆಲೋಚನೆ, ಮನಃಸ್ಥಿತಿ, ಗ್ರಹಿಕೆ, ಸ್ಥಳಕಾಲಗಳ ಅರಿವು ಅಥವಾ ನೆನಪಿನಲ್ಲಿ ಉಂಟಾಗಿ, ದೈನಂದಿನ ಜೀವನದ ಸಾಮಾನ್ಯ ಅಗತ್ಯಗಳನ್ನು ಪೂರೈಸಿಕೊಳ್ಳುವ ಶಕ್ತಿಯನ್ನು ತೀವ್ರವಾಗಿ ಕುಂದಿಸುವ ಗಣನೀಯ ಏರುಪೇರು ಸದರಿ ವ್ಯಾಖ್ಯೆಯಲ್ಲಿ ಬರುತ್ತದೆ. ನೆನಪು ಎಂಬ ಪದ ಈ ವ್ಯಾಖ್ಯೆಯಲ್ಲಿಯೇ ಇರುವುದನ್ನು ಅರ್ಜಿದಾರರು ಗಮನಿಸಬೇಕು. ಅರ್ಜಿಯಲ್ಲಿ ವರ್ಗವನ್ನು ಆಯ್ಕೆ ಮಾಡುವಾಗ "ಮಾನಸಿಕ ಅಸ್ವಸ್ಥತೆ" ಎಂದು ನಮೂದಿಸತಕ್ಕದ್ದು. ತಪ್ಪು ವರ್ಗ ನಮೂದಿಸಿದಲ್ಲಿ ಬೇರೆ ತಜ್ಞರ ಬಳಿಗೆ, ಬೇರೆ ಪರೀಕ್ಷೆಗೆ ಕಳುಹಿಸಲ್ಪಟ್ಟು ವೃಥಾ ಅಲೆದಾಟವಾಗುತ್ತದೆ. ನ್ಯಾಷನಲ್ ಟ್ರಸ್ಟ್ ಕಾಯ್ದೆ, 1999ರ ಸೌಲಭ್ಯಗಳು ಆಟಿಸಂ, ಮೆದುಳಿನ ಪಾರ್ಶ್ವವಾಯು, ಬುದ್ಧಿಮಾಂದ್ಯತೆ ಹಾಗೂ ಬಹುವಿಧ ಅಂಗವಿಕಲತೆಗಳಿಗೆ ಮಾತ್ರ ಅನ್ವಯಿಸುತ್ತವೆ. ಸ್ಕಿಜೋಫ್ರೇನಿಯಾ ಒಂದೇ ಇದ್ದಲ್ಲಿ ಅವು ದೊರೆಯುವುದಿಲ್ಲ.

ಔಷಧಿ ಮತ್ತು ಅರಿವು

ಕಾಯಿಲೆಗೆ ಕೊಡುವ ಮುಖ್ಯ ಔಷಧಿಗಳು ಅರಿವಿನ ತೊಂದರೆಯನ್ನು ಹೆಚ್ಚೇನೂ ಸರಿಪಡಿಸುವುದಿಲ್ಲ. ಈ ಕಾರಣಕ್ಕಾಗಿ ಅವುಗಳನ್ನು ನಿಲ್ಲಿಸುವುದು ಮಾತ್ರ ಅಪಾಯಕರ, ಏಕೆಂದರೆ ಕಾಯಿಲೆ ಮರುಕಳಿಸಿದರೆ ಇರುವ ಶಕ್ತಿಯೂ ಕುಗ್ಗುತ್ತದೆ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ಸಂಸ್ಥೆಯು ಹಳ್ಳಿಗಳಲ್ಲಿ ವಾಸಿಸುವ ರೋಗಿಗಳನ್ನು ಹಲವು ವರ್ಷ ಅನುಸರಿಸಿ ನಡೆಸಿದ ಅಧ್ಯಯನದಲ್ಲಿ, ಚಿಕಿತ್ಸೆ ಪಡೆಯುತ್ತಿದ್ದವರ ಅಂಗವಿಕಲತೆಯು ಚಿಕಿತ್ಸೆ ಇಲ್ಲದವರದ್ದಕ್ಕಿಂತ ಕಡಿಮೆ ಇರುವುದು ಕಂಡುಬಂದಿದೆ.

ಆದರೆ ಒಂದು ವಿಷಯವನ್ನು ವೈದ್ಯರಲ್ಲಿ ಕೇಳಿ ತಿಳಿದುಕೊಳ್ಳುವುದು ಉಚಿತ. ಕೈನಡುಕ, ಮೈ ಬಿಗಿತಗಳಿಗಾಗಿ ಕೊಡುವ ಟ್ರೈಹೆಕ್ಸಿಫೆನಿಡಿಲ್ ಎಂಬ ಮಾತ್ರೆಯು ನೆನಪಿನ ಶಕ್ತಿಯನ್ನು ಕುಗ್ಗಿಸಬಲ್ಲದು. ಕೆಲವರಿಗೆ ಆರಂಭದಲ್ಲಿ ಬರೆದುಕೊಟ್ಟ ಈ ಮಾತ್ರೆಯು ಹಳೆಯ ಚೀಟಿಯ ಮೇಲೆಯೇ ವರ್ಷಗಟ್ಟಲೆ ಮುಂದುವರಿದಿರುತ್ತದೆ. ಅದು ಇನ್ನೂ ಅವಶ್ಯಕವೇ, ಪ್ರಮಾಣವನ್ನು ಇಳಿಸಬಹುದೇ ಎಂದು ಮುಂದಿನ ಭೇಟಿಯಲ್ಲಿ ವಿಚಾರಿಸಬಹುದು. ತಾವಾಗಿಯೇ ಹಠಾತ್ತನೆ ಬಿಡಬಾರದು. ನಿದ್ರಾಹೀನತೆ, ಮದ್ಯಪಾನ, ಗಾಂಜಾ ಸೇವನೆ, ಥೈರಾಯ್ಡ್ ತೊಂದರೆ, ಬಿ-12 ಜೀವಸತ್ವದ ಕೊರತೆ ಇವುಗಳಿಂದಲೂ ಮರೆವು ಹೆಚ್ಚುವುದರಿಂದ ಅವುಗಳ ತಪಾಸಣೆಯೂ ಆಗಬೇಕು.

ಸುಧಾರಣೆಗೆ ಇರುವ ಮಾರ್ಗಗಳು

ಗಮನ, ನೆನಪು, ಯೋಜನೆಗಳಿಗೆ ತರಬೇತುದಾರರ ನೆರವಿನಿಂದ ಹಂತಹಂತವಾಗಿ ಅಭ್ಯಾಸ ಕೊಡಿಸುವ ಚಿಕಿತ್ಸಾ ಕ್ರಮವೊಂದಿದೆ. ಇದರಿಂದ ಪವಾಡವಾಗುವುದಿಲ್ಲ, ಸಾಧಾರಣ ಮಟ್ಟದ ಪ್ರಯೋಜನವಿದೆ. ಅಭ್ಯಾಸವನ್ನು ನಿಜವಾದ ಕೆಲಸದ ತರಬೇತಿಯೊಂದಿಗೆ ಜೋಡಿಸಿದಾಗ ಪ್ರಯೋಜನ ಹೆಚ್ಚು. ಕೇವಲ ಕಂಪ್ಯೂಟರಿನ ಆಟವಾಡಿಸಿ ನೆನಪು ಮರಳಿಸುತ್ತೇವೆ ಎನ್ನುವವರಿಗೆ ಹಣ ಕೊಡುವ ಮುನ್ನ ತಮ್ಮ ವೈದ್ಯರನ್ನು ಕೇಳುವುದು ಒಳಿತು. ವೇಗದ ನಡಿಗೆಯಂತಹ ನಿಯಮಿತ ವ್ಯಾಯಾಮದಿಂದ ಅರಿವಿನ ಶಕ್ತಿಗೆ ಸಹಾಯವಾಗುವುದೆಂದು ಸಂಶೋಧನೆಗಳು ತೋರಿಸಿವೆ. ಇದಕ್ಕೆ ಖರ್ಚೂ ಇಲ್ಲ.

ಎಲ್ಲಕ್ಕಿಂತ ಮಿಗಿಲಾಗಿ ಮನೆಯವರು ಕೆಲಸ ಹೇಳುವ ರೀತಿಯನ್ನು ಬದಲಿಸಿಕೊಂಡರೆ ಅಂದಿನಿಂದಲೇ ವ್ಯತ್ಯಾಸ ಕಾಣುತ್ತದೆ. ಮೂರು ಸಾಮಾನು ತರಬೇಕಿದ್ದರೆ ಚೀಟಿ ಬರೆದು ಕೊಡಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಅದು ಮುಗಿದ ಮೇಲೆ ಮುಂದಿನದನ್ನು ಹೇಳಿ. ಟಿ.ವಿ. ನಿಲ್ಲಿಸಿ ಮಾತನಾಡಿ. ಹೇಳಿದ್ದನ್ನು ಅವರ ಮಾತಿನಲ್ಲಿಯೇ ಒಮ್ಮೆ ಹೇಳಿಸಿ ನೋಡಿ, ಆದರೆ ಪರೀಕ್ಷೆ ಮಾಡುವ ಮೇಷ್ಟ್ರ ಧಾಟಿಯಲ್ಲಿ ಅಲ್ಲ. ಮಾತ್ರೆಗಳನ್ನು ವಾರದ ದಿನಗಳ ಖಾನೆಗಳಿರುವ ಡಬ್ಬಿಯಲ್ಲಿ ಇಟ್ಟರೆ ನುಂಗಿದೆನೋ ಇಲ್ಲವೋ ಎಂಬ ಗೊಂದಲವಿರುವುದಿಲ್ಲ. ವಸ್ತುಗಳನ್ನು ಯಾವಾಗಲೂ ಒಂದೇ ಜಾಗದಲ್ಲಿಡಿ, ದಿನಚರಿಯು ಸಾಧ್ಯವಾದಷ್ಟು ಒಂದೇ ರೀತಿ ಇರಲಿ. ಹೈನುಗಾರಿಕೆ, ತೋಟಕ್ಕೆ ನೀರು ಹಾಯಿಸುವುದು ಮುಂತಾದ, ದಿನವೂ ಒಂದೇ ಕ್ರಮದಲ್ಲಿ ನಡೆಯುವ ಕೆಲಸಗಳು ಅನೇಕರಿಗೆ ಒಗ್ಗುತ್ತವೆ. ಗಿರಾಕಿಗಳು ಕಿಕ್ಕಿರಿಯುವ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸುವುದು ಒಗ್ಗದಿರಬಹುದು.

ಪ್ರಮಾಣಪತ್ರಕ್ಕೆ ಬರುವ ಮುನ್ನ

ಮಾನಸಿಕ ಅಸ್ವಸ್ಥತೆಯಿಂದ ಉಂಟಾದ ಅಂಗವಿಕಲತೆಯನ್ನು ಐಡಿಯಾಸ್ ಎಂಬ ಭಾರತೀಯ ಮಾಪನದಿಂದ ಅಳೆಯಲಾಗುತ್ತದೆ. ಇದರಲ್ಲಿ ಸ್ವಂತ ದೇಹದ ಆರೈಕೆ, ಇತರರೊಂದಿಗಿನ ಸಂಬಂಧ, ಸಂವಹನ ಮತ್ತು ತಿಳಿವಳಿಕೆ, ಕೆಲಸ ಎಂಬ ನಾಲ್ಕು ವಿಷಯಗಳಿಗೆ ತಲಾ 0 ಯಿಂದ 4 ರವರೆಗೆ ಅಂಕ ನೀಡಿ, ಕಾಯಿಲೆಯ ಅವಧಿಗೆ ಪ್ರತ್ಯೇಕ ಅಂಕ ಸೇರಿಸಲಾಗುತ್ತದೆ. ಒಟ್ಟು 20. ಅದರಲ್ಲಿ 7 ಅಥವಾ ಹೆಚ್ಚು ಬಂದಲ್ಲಿ ಅಂಗವಿಕಲತೆಯು ಶೇ. 40 ಅಥವಾ ಹೆಚ್ಚು ಎಂದು ಪರಿಗಣಿತವಾಗುತ್ತದೆ. ಹೆಚ್ಚಿನ ಸೌಲಭ್ಯಗಳಿಗೆ ಶೇ. 40 ಕನಿಷ್ಠ ಮಿತಿಯಾಗಿದೆ. ದನಿ ಎಷ್ಟು ಬಾರಿ ಕೇಳಿಸುತ್ತದೆ ಎಂಬುದಕ್ಕೆ ಈ ಮಾಪನದಲ್ಲಿ ನೇರವಾಗಿ ಅಂಕವಿಲ್ಲ. ದಿನನಿತ್ಯದ ಬದುಕು ಹೇಗೆ ನಡೆಯುತ್ತಿದೆ ಎಂಬುದಕ್ಕೆ ಅಂಕವಿದೆ. ಅರಿವಿನ ತೊಂದರೆಯು ಲೆಕ್ಕಕ್ಕೆ ಬರುವುದು ಇಲ್ಲಿಯೇ.

ಆದ್ದರಿಂದ ಪರೀಕ್ಷೆಗೆ ಬರುವ ಮೊದಲು ಕಳೆದ ಒಂದೆರಡು ತಿಂಗಳಲ್ಲಿ ನಡೆದುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬರುವುದು ಸೂಕ್ತ. "ಏನೂ ಮಾಡುವುದಿಲ್ಲ" ಎಂದು ಬರೆಯುವ ಬದಲು "ಸ್ನಾನಕ್ಕೆ ಹೋಗೆಂದು ಪ್ರತಿದಿನ ಮೂರು ನಾಲ್ಕು ಸಲ ಹೇಳಬೇಕು", "ಬಸ್ ಬದಲಿಸುವುದು ತಿಳಿಯದೆ ಹಿಂದಿರುಗಿ ಬಂದ", "ಕೆಲಸಕ್ಕೆ ಸೇರಿ, ಹೇಳಿದ್ದು ನೆನಪಿರುವುದಿಲ್ಲವೆಂದು ಬಿಡಿಸಿದರು" ಎಂಬಂತೆ ನಿರ್ದಿಷ್ಟವಾಗಿ ಬರೆಯಿರಿ. ತಾನಾಗಿ ಮಾಡುವ ಕೆಲಸಗಳನ್ನೂ ಪ್ರಾಮಾಣಿಕವಾಗಿ ನಮೂದಿಸಿ. ಉತ್ಪ್ರೇಕ್ಷೆಯಿಂದ ಉಳಿದ ಮಾತುಗಳ ಮೇಲಿನ ನಂಬಿಕೆಯೂ ಹೋಗುತ್ತದೆ. ಕಾಯಿಲೆ ಆರಂಭವಾದ ವರ್ಷವನ್ನು ತೋರಿಸುವ ಹಳೆಯ ಚೀಟಿಗಳು, ಆಸ್ಪತ್ರೆಯ ದಾಖಲೆಗಳನ್ನು ತಪ್ಪದೆ ತನ್ನಿ.

ಅರ್ಜಿಯನ್ನು ವಿಶಿಷ್ಟ ಗುರುತಿನ ಚೀಟಿಗೆ ಸಂಬಂಧಿಸಿದ ಸ್ವಾವಲಂಬನ್ ಕಾರ್ಡ್ ಜಾಲತಾಣದ ಮೂಲಕ ಸಲ್ಲಿಸಬೇಕು. ಜಾಲತಾಣ ಬಳಸಲು ಬಾರದವರು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಅಥವಾ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು. ಪ್ರಮಾಣಪತ್ರ ದೊರೆತ ಮೇಲೆ ಮಾಸಾಶನಕ್ಕೆ ನಾಡಕಚೇರಿಯಲ್ಲಿ ಪ್ರತ್ಯೇಕ ಅರ್ಜಿ ಕೊಡಬೇಕು, ಅದು ತಾನಾಗಿ ಮಂಜೂರಾಗುವುದಿಲ್ಲ. ಪ್ರಮಾಣಪತ್ರದಲ್ಲಿ ಅವಧಿ ನಮೂದಾಗಿದ್ದರೆ ಮುಗಿಯುವ ಮುನ್ನವೇ ನವೀಕರಣಕ್ಕೆ ಕೋರಬೇಕು. ನಿರ್ಧಾರವು ಒಪ್ಪಿಗೆಯಾಗದಿದ್ದಲ್ಲಿ ಕಾಯ್ದೆಯ 59ನೇ ಪ್ರಕರಣದಂತೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

ಉದ್ಯೋಗದಲ್ಲಿರುವವರು, ಸಹಿಯ ಪ್ರಶ್ನೆ

ಸರ್ಕಾರಿ ಸೇವೆಯಲ್ಲಿರುವಾಗ ಅಂಗವಿಕಲತೆ ಉಂಟಾದಲ್ಲಿ ಆ ಕಾರಣಕ್ಕಾಗಿ ನೌಕರರನ್ನು ಸೇವೆಯಿಂದ ತೆಗೆಯುವಂತಿಲ್ಲ, ಹುದ್ದೆಯ ದರ್ಜೆ ಇಳಿಸುವಂತಿಲ್ಲ ಎಂದು ಕಾಯ್ದೆಯ 20ನೇ ಪ್ರಕರಣದಲ್ಲಿದೆ. ಅವರಿಗೆ ಅವಶ್ಯವಾದ ಹೊಂದಾಣಿಕೆಗಳನ್ನು ಮಾಡಿಕೊಡುವುದೂ ಕಚೇರಿಯ ಕರ್ತವ್ಯ. ಅರಿವಿನ ತೊಂದರೆ ಇರುವವರಿಗೆ ಇಳಿಜಾರು ದಾರಿಯೋ ಗಾಲಿಕುರ್ಚಿಯೋ ಬೇಕಿಲ್ಲ. ಸೂಚನೆಯನ್ನು ಬಾಯಿಮಾತಿನ ಬದಲು ಬರಹದಲ್ಲಿ ಕೊಡುವುದು, ಗದ್ದಲವಿಲ್ಲದ ಜಾಗದಲ್ಲಿ ಮೇಜು ಹಾಕಿಕೊಡುವುದು, ಹೊಸ ಕೆಲಸ ಕಲಿಯಲು ಹೆಚ್ಚು ಕಾಲ ಕೊಡುವುದು ಇಷ್ಟರಿಂದಲೇ ಬಹಳ ಅನುಕೂಲವಾಗಬಹುದು.

ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, 2017ರಂತೆ, ಸಕ್ಷಮ ನ್ಯಾಯಾಲಯವು ಘೋಷಿಸದ ಹೊರತು, ಮಾನಸಿಕ ಕಾಯಿಲೆ ಇದೆ ಎಂದಮಾತ್ರಕ್ಕೆ ವ್ಯಕ್ತಿಯು ಅಸ್ವಸ್ಥಚಿತ್ತನೆಂದು ಭಾವಿಸುವಂತಿಲ್ಲ. ಆಸ್ತಿಪತ್ರ ಅಥವಾ ಬ್ಯಾಂಕಿನ ಕಾಗದಗಳಿಗೆ ಓದಿ ಹೇಳದೆ ಸಹಿ ಹಾಕಿಸಿಕೊಳ್ಳುವವರು, ಹಾಗೂ ಕಾಯಿಲೆಯ ಹೆಸರು ಕೇಳಿ ಸಹಿಯನ್ನೇ ನಿರಾಕರಿಸುವವರು, ಇಬ್ಬರೂ ತಪ್ಪು ಮಾಡುತ್ತಾರೆ. ನಿಧಾನವಾಗಿ, ಸರಳ ಭಾಷೆಯಲ್ಲಿ, ಬೇಕಿದ್ದರೆ ಎರಡು ದಿನ ವಿವರಿಸಿದಾಗ ತಿಳಿದು ನಿರ್ಧರಿಸಬಲ್ಲವರು ಅನೇಕರಿದ್ದಾರೆ. ಚಿಕಿತ್ಸೆಯ ವಿಷಯದಲ್ಲಿ ನೆರವಾಗಲು ತಮ್ಮ ಇಷ್ಟದ ಒಬ್ಬರನ್ನು ಪ್ರತಿನಿಧಿಯಾಗಿ ನಾಮನಿರ್ದೇಶನ ಮಾಡುವ ಹಕ್ಕು ಇದೇ ಕಾಯ್ದೆಯಲ್ಲಿದೆ.

ಎಲ್ಲಿ ವಿಚಾರಿಸಬೇಕು

ಜಿಲ್ಲಾ ಆಸ್ಪತ್ರೆಯಲ್ಲಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಘಟಕದಲ್ಲಿ ಮನೋವೈದ್ಯರನ್ನು ಕಾಣಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯ ಚಿಕಿತ್ಸಾಲಯ ನಡೆಸುವ ವ್ಯವಸ್ಥೆಯಿದ್ದು, ತಮ್ಮ ತಾಲ್ಲೂಕಿಗೆ ವೈದ್ಯರು ಬರುವ ದಿನವನ್ನು ಮೊದಲೇ ವಿಚಾರಿಸಿಕೊಂಡು ಹೊರಡುವುದು ಒಳಿತು. ಹಗಲು ಹೊತ್ತಿನ ಆರೈಕೆ ಮತ್ತು ತರಬೇತಿಗಾಗಿ ಮಾನಸಧಾರಾ ಕೇಂದ್ರವು ತಮ್ಮ ಜಿಲ್ಲೆಯಲ್ಲಿದೆಯೇ ಎಂಬುದನ್ನೂ ಇದೇ ಘಟಕದಲ್ಲಿ ಕೇಳಬಹುದು. ಬೆಂಗಳೂರಿನ ನಿಮ್ಹಾನ್ಸ್ ಹಾಗೂ ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಲ್ಲಿ ವಿಶೇಷ ಚಿಕಿತ್ಸೆ ಲಭ್ಯವಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ದಿನದ 24 ಗಂಟೆಯೂ ಕನ್ನಡದಲ್ಲಿ ಮಾತನಾಡಬಹುದು. ರೋಗಿಯೇ ಕರೆ ಮಾಡಬೇಕೆಂದಿಲ್ಲ, ಆರೈಕೆ ಮಾಡುತ್ತಿರುವ ಮನೆಯವರೂ ಕರೆ ಮಾಡಬಹುದು.